ಮಾವನ ಬೋರ್‌ವೆಲ್ ನೀರು

ಪಾಂಡವಪುರ ತಾಲೂಕಿನ ನಾಲೆ ಬಯಲಿನ ಒಂದು ಊರು. ಜಗಲಿಯ ಮೇಲೆ ಮೂವರು ಕೂತಿದ್ದಾರೆ. ನಾಗಮಂಗಲದ ಕಡೆಯಿಂದ ಬಂದು ಸೋದರಮಾವನ ಮನೆಯಲ್ಲಿದ್ದುಕೊಂಡು, ಸಣ್ಣ ಕಾಲೇಜೊಂದರಲ್ಲಿ ಪರಿಸರ ವಿಜ್ಞಾನ ತೆಗೆದುಕೊಂಡು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿರುವ ಹುಡುಗಿ. ಕಬ್ಬು ಬೆಳೆಯುವ ಆ ಮಾವ. ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತರಾಗಿ ಶ್ರೀರಂಗಪಟ್ಟಣದಲ್ಲಿರುವ ಮೇಷ್ಟ್ರು. ಮೂವರೂ ಕಲ್ಪಿತರು, ನೀರು, ನಾಲೆ, ಬೆಟ್ಟಗಳು ಅಲ್ಲ. ಸಂವಾದ ಬರೆಯುವವನಿಗೆ ತನ್ನದೊಂದು ಪಕ್ಷ ಇದ್ದೇ ಇರುತ್ತದೆ. ನನ್ನದು ಮೇಷ್ಟ್ರ ಪಕ್ಷ. ಓದುವವರು ಅಷ್ಟನ್ನು ಕಳೆದು ಓದಿಕೊಳ್ಳಬೇಕು.

ಮಾವ: ನೀವೇ ಹೇಳಿ ಮೇಷ್ಟ್ರೇ. ಇವಳ ಕಾಲೇಜಲ್ಲಿ ಈ ಸಬ್ಜೆಕ್ಟು ತಗಂಡಿರೋರು ಒಂದು ಆಟೋ ತುಂಬಕಿಲ್ಲ. ಪಾಠ ಮಾಡೋರು ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಇರ್ತಾರೋ ಇಲ್ವೋ ಅವರಿಗೇ ಗೊತ್ತಿಲ್ಲ. ಇಲ್ಲಿ ಓದಿ ಮೈಸೂರು, ಬೆಂಗಳೂರಿನೋರ ಮುಂದೆ ನಿಂತ್ಕಳಕಾಯ್ತದಾ?

ಹುಡುಗಿ: ಕೆಲಸದ ಮಾತು ಆಮೇಲೆ ಆಡೋಣ ಮಾವ. ನಿಮಗೆ ಸಿಟ್ಟಿರೋದು ಕಾಲೇಜಿನ ಮೇಲಲ್ಲ, ನನ್ನ ಪ್ರಾಜೆಕ್ಟಿನ ಮೇಲೆ.

ಮೇಷ್ಟ್ರು: ಯಾವ ಪ್ರಾಜೆಕ್ಟಮ್ಮ?

ಹುಡುಗಿ: ಅಂತರ್ಜಲದಲ್ಲಿ ನೈಟ್ರೇಟು, ಸರ್. ಇದೇ ಊರಿನ ಬೋರ್‌ವೆಲ್‌ಗಳದ್ದು. ನಮ್ಮ ಕಾಲೇಜಲ್ಲಿ ದೊಡ್ಡ ಯಂತ್ರ ಏನಿಲ್ಲ, ಒಂದು ಹಳೇ ಕಲರಿಮೀಟರ್ ಇದೆ. ಪಿಂಗಾಣಿ ಬಟ್ಟಲಲ್ಲಿ ನೀರು ಹಾಕಿ ಹಬೆ ಮೇಲಿಟ್ಟು ಪೂರ್ತಿ ಇಂಗಿಸಬೇಕು. ಅವಸರ ಮಾಡಿದರೆ ಕೆಟ್ಟಿತು. ಕೊನೆಗೆ ತಳದಲ್ಲಿ ಉಪ್ಪಿನ ಬಿಳಿ ಹಕ್ಕಳೆ ಉಳಿಯುತ್ತೆ. ಅದಕ್ಕೆ ಫೀನಾಲ್ ಡೈಸಲ್ಫೋನಿಕ್ ಆಮ್ಲ ಬಿಟ್ಟು ಗಾಜಿನ ಕಡ್ಡೀಲಿ ಉಜ್ಜಿ, ನೀರು ಸೇರಿಸಿ ಅಮೋನಿಯಾ ಹನಿಸಿದರೆ ಹಳದಿ ಬಣ್ಣ ಏಳುತ್ತೆ. ನೈಟ್ರೇಟು ಜಾಸ್ತಿ ಇದ್ದಷ್ಟೂ ಹಳದಿ ಗಾಢ.

ಮಾವ: ಆ ಸಾಲಿನಾಗೆ ಎಲ್ಲಕ್ಕಿಂತ ಹಳದಿ ತಿರುಗಿದ್ದು ನನ್ ಬೋರ್‌ವೆಲ್ ನೀರು. ಅದೇನೋ 45ರ ಗೆರೆ ದಾಟ್ಯದಂತೆ. ಸರ್ವೆ ನಂಬರ್ ಸಮೇತ ಪುಸ್ತಕದಲ್ಲಿ ಬರೀತಾಳಂತೆ. ಮೇಷ್ಟ್ರೇ, ಕಬ್ಬಿನ ದುಡ್ಡಲ್ಲಿ ಫೀಸು ಕಟ್ಟಿರೋದು. ಉಂಡ ಮನೆ ಜಂತೆ ಎಣಿಸಬಾರದು ಅಂತ ಸುಮ್ಮನೆ ಹೇಳಿದ್ರಾ ದೊಡ್ಡೋರು?

ಹುಡುಗಿ: ಲೀಟರಿಗೆ 45 ಮಿಲಿಗ್ರಾಂ ಅನ್ನೋದು ಕುಡಿಯೋ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರೋ ಮಿತಿ ಮಾವ, ನಾನು ಹಾಕಿದ್ದಲ್ಲ. ಆದರೆ ಸರ್, ಮಾವ ಕೇಳ್ತಿರೋದಕ್ಕಿಂತ ನನಗೆ ಬೇರೆ ಒಂದು ಕೊರೀತಿದೆ. ಇದು ನ್ಯಾಯವೋ ಅಲ್ಲವೋ ಅನ್ನೋದು ಹಾಗಿರಲಿ. ಇದು ವಿಜ್ಞಾನ ಆಗುತ್ತಾ? ನೋಡುವವನು ಹೊರಗೆ ನಿಂತಿರಬೇಕು, ಫಲಿತಾಂಶದಲ್ಲಿ ಅವನಿಗೆ ಲಾಭ ನಷ್ಟ ಇರಬಾರದು ಅಂತ ಓದಿದ್ದೀವಿ. ನನಗೆ ಎರಡೂ ಇದೆ. ಅಪ್ಪನ ಊರಿಗೆ ನಾಲೆ ಇಲ್ಲ. ಬೋರ್ ಆಳಕ್ಕೆ ಹೋದ ಹಾಗೆ ಕಲ್ಲಿನಿಂದ ಫ್ಲೋರೈಡು ಬರುತ್ತೆ. ಇಲ್ಲಿ ನಾಲೆ ಇದೆ, ಯೂರಿಯಾ ಇದೆ, ನೈಟ್ರೇಟು ಬರುತ್ತೆ. ಎರಡು ಮನೆಯ ನೀರನ್ನೂ ಕುಡಿದವಳು ನಾನು.

ಮಾವ: ನಮ್ಮನೇಲಿ ಈಗ ಕುಡಿಯೋದು ಶುದ್ಧ ನೀರಿನ ಘಟಕದ ನೀರು. ಕ್ಯಾನಿಗೆ 5 ರೂಪಾಯಿ.

ಮೇಷ್ಟ್ರು: ಹೊರಗೆ ನಿಂತವರು ಅಂತೀಯಲ್ಲ, ಅವರು ಯಾರು ಅಂತ ಒಂದು ಸಲ ನೋಡೋಣ. ನೀನು ಬಿಓಡಿ ಮಾಡಿದ್ದೀಯ. ನೀರಲ್ಲಿರೋ ಕೊಳೆಯನ್ನು ತಿನ್ನೋಕೆ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಖರ್ಚು ಮಾಡ್ತವೆ ಅನ್ನೋ ಲೆಕ್ಕ. ಬಾಟಲಿ ಮುಚ್ಚಿ 20 ಡಿಗ್ರಿಯಲ್ಲಿ 5 ದಿನ ಇಡಬೇಕು ಅಂತ ಪುಸ್ತಕದಲ್ಲಿದೆ. 5 ದಿನವೇ ಯಾಕೆ? ನಾಲ್ಕು ಯಾಕಲ್ಲ, ಹತ್ತು ಯಾಕಲ್ಲ? ಬ್ರಿಟನ್ನಿನ ಒಳಚರಂಡಿ ಆಯೋಗ 1912ರಲ್ಲಿ ಈ ಪರೀಕ್ಷೆಯನ್ನು ರೂಢಿಗೆ ತಂತು. ಆ ದೇಶದ ಯಾವ ನದಿಯೂ ಸಮುದ್ರ ಸೇರೋಕೆ 5 ದಿನಕ್ಕಿಂತ ಹೆಚ್ಚು ತಗೊಳ್ಳಲ್ಲ, ಅದಕ್ಕೇ 5 ದಿನ ಅಂತಾರೆ. ಅವರು ಇಟ್ಟ ಉಷ್ಣತೆ 65 ಫ್ಯಾರನ್‌ಹೀಟ್. ಅದು ಅವರ ಬೇಸಿಗೆ, ನಮ್ಮ ಮಾಗಿ ಚಳಿಗಿಂತ ಏನೂ ಹೆಚ್ಚಲ್ಲ. ಆಮೇಲೆ ಅದು 20 ಸೆಲ್ಸಿಯಸ್ ಆಗಿ ಲೋಕವೆಲ್ಲ ಸುತ್ತಿತು. ನಮ್ಮ ಕಾವೇರಿ ತಲಕಾವೇರಿಯಿಂದ ಸಮುದ್ರಕ್ಕೆ ಸುಮಾರು 800 ಕಿಲೋಮೀಟರ್ ಹರೀಬೇಕು. ಮಧ್ಯೆ ಕನ್ನಂಬಾಡಿಯಲ್ಲಿ ನಿಂತು, ಮೆಟ್ಟೂರಿನಲ್ಲಿ ನಿಂತು, ನಾಲೆ ನಾಲೆಗೆ ಹಂಚಿಹೋಗಿ, ಉಳಿದದ್ದು ಯಾವತ್ತು ಮುಟ್ಟುತ್ತೋ. ಉಷ್ಣತೆಯೂ ನಮ್ಮದಲ್ಲ ಅಂತಲೇ ನಮ್ಮ ಮಾನಕ ಬ್ಯೂರೋ ಕೊನೆಗೆ 27 ಡಿಗ್ರಿ, 3 ದಿನ ಅಂತ ಬದಲಾಯಿಸಿಕೊಂಡಿತು. ಹಾಗಾದರೆ ಆ 5 ದಿನ ಸುಳ್ಳಾ? ಸುಳ್ಳಲ್ಲ. ಆದರೆ ಅದು ಆಕಾಶದಿಂದ ಉದುರಿದ್ದೂ ಅಲ್ಲ. ಯಾರದೋ ಊರಿನ ಹೊಳೆ ದಂಡೆಯ ಮೇಲೆ ನಿಂತು, ತಮ್ಮ ಹೊಳೆಗೆ ಬೇಕಾದ ಪ್ರಶ್ನೆಯನ್ನ ಅವರು ಕೇಳಿಕೊಂಡರು. ನೀನು ನಿನ್ನ ಹೊಳೆಗೆ ಬೇಕಾದ ಪ್ರಶ್ನೆ ಕೇಳಿಕೊಂಡರೆ ಅದು ಹೇಗೆ ಕಡಿಮೆ ವಿಜ್ಞಾನ ಆಗುತ್ತೆ?

ಮಾವ: ಸರಿ ಬುಡಿ, ಒಪ್ಕಂಡೆ. ಎಲ್ಲಾ ಲೆಕ್ಕಕ್ಕೂ ಒಂದು ಊರು ಇರ್ತದೆ.

ಹುಡುಗಿ: ಅಷ್ಟು ಬೇಗ ಒಪ್ಕೋಬೇಡಿ ಮಾವ. ಸರ್, ಆ ಆಯೋಗದವರು ತಮ್ಮ ದೇಶದ ನದಿ ನೋಡಿದರು ನಿಜ. ಆದರೆ ಅವರು ಅಳೆದ ಚರಂಡಿ ಅವರ ಸೋದರಮಾವನದ್ದಾಗಿರಲಿಲ್ಲವಲ್ಲ. ಒಂದು ಸ್ಥಳಕ್ಕೆ ಸೇರಿರೋದು ಬೇರೆ, ಆ ಸ್ಥಳದ ಲಾಭ ನಷ್ಟದಲ್ಲಿ ಪಾಲಿರೋದು ಬೇರೆ.

ಮೇಷ್ಟ್ರು: ಬೇರೆಯೇ. ಆದರೆ ನಮ್ಮ ಕಡೆ ಪಾಲಿಲ್ಲದ ಪರಿಸರ ಯಾವುದು ಹೇಳು. ರಂಗನತಿಟ್ಟನ್ನೇ ತಗೋ. ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನಿಸರ್ಗದ ಮಡಿಲು ಅಂತ ಹೇಳಿ ದೋಣಿ ಹತ್ತಿಸ್ತಾರೆ. ಆ ತಿಟ್ಟುಗಳು ಆಗಿದ್ದೇ 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಕಟ್ಟೆ ಕಟ್ಟಿದ್ದರಿಂದ. ರೈತರಿಗೆ ನೀರು ಕೊಡೋಕೆ ಕಟ್ಟಿದ್ದು, ಕೊಕ್ಕರೆಗಳಿಗೆ ದ್ವೀಪ ಆಯ್ತು.

ಮಾವ: ಹಂಗಾದ್ರೆ ನನ್ ಕಬ್ಬಿನ ಗದ್ದೆನೂ ಪರಿಸರವೇ! ನಾಲೆ ಮನುಷ್ಯ ಮಾಡಿದ್ದು, ಗದ್ದೆ ಮನುಷ್ಯ ಮಾಡಿದ್ದು. ಅದರಾಗೆ ಹಂದಿ ಅವೆ, ಹಾವವೆ, ನವಿಲಂತೂ ಕೇಳಲೇಬೇಡಿ. ನಮ್ ಭಾವನ ಊರ ಕಡೆ ಆದಿಚುಂಚನಗಿರೀಲಿ ನವಿಲಿಗೇ ಒಂದು ಧಾಮ ಮಾಡವ್ರೆ. ನವಿಲಿಗೆ ಅದರ ಗಡಿ ಎಲ್ಲದೆ ಅಂತ ಯಾರು ಹೇಳ್ಕೊಟ್ಟವ್ರೆ?

ಮೇಷ್ಟ್ರು: ಮೇಲುಕೋಟೆಯಲ್ಲಿ ತೋಳಕ್ಕೂ 1974ರಲ್ಲಿ ಒಂದು ಧಾಮ ಮಾಡಿದರು. ತೋಳ ತಿನ್ನೋದು ಯಾರ ಕುರಿ ಅನ್ನೋದು ಅಲ್ಲೂ ತೀರದ ಮಾತೇ. ಕಾಡು ಅಂದರೇನು, ಊರು ಅಂದರೇನು...

ಹುಡುಗಿ: ಸರ್, ದಾರಿ ತಪ್ಪಿತು. ನಾನು ಕೇಳಿದ್ದು ಕಾಡಿನ ಮಾತಲ್ಲ.

ಮೇಷ್ಟ್ರು: ತಪ್ಪಿತು, ನಿಜ. ಆದರೂ ಇದೇ ದಾರಿಯಲ್ಲಿ ಒಂದು ಮಾತಿದೆ. ಬೇಬಿ ಬೆಟ್ಟದ ಕಲ್ಲುಗಣಿ. ನೆಲ ನಡುಗುತ್ತೆ, ಗೋಡೆ ಬಿರುಕು ಬಿಡುತ್ತೆ ಅಂತ ಸುತ್ತಲ ಊರಿನವರು ಬಾಯಿ ಬಡ್ಕೊಂಡರು. 2018ರಲ್ಲಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರವೂ ಆ ಸದ್ದು ಹಿಡಿದ ಮೇಲೆ ಕನ್ನಂಬಾಡಿ ಕಟ್ಟೆಯ ಗತಿ ಏನು ಅನ್ನೋ ಪ್ರಶ್ನೆ ದೊಡ್ಡದಾಯ್ತು. 2024ರ ಜನವರಿಯಲ್ಲಿ ಹೈಕೋರ್ಟು, ಅಧ್ಯಯನ ಆಗುವ ತನಕ ಕಟ್ಟೆಯಿಂದ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂತು. ಆ ಪ್ರಶ್ನೆ ಮೊದಲು ಹುಟ್ಟಿದ್ದು ಎಲ್ಲಿ? ಪಾಲಿದ್ದವರ ಕಿವಿಯಲ್ಲಿ. ಪಾಲಿಲ್ಲದವನಿಗೆ ಅದು ಮಧ್ಯಾಹ್ನದ ಒಂದು ಸದ್ದು.

ಹುಡುಗಿ: ಕ್ರಷರಿನಲ್ಲಿ ಕೂಲಿ ಇದ್ದವರಿಗೆ, ಲಾರಿ ಓಡಿಸೋರಿಗೆ ಅದೇ ಸದ್ದು ಕೇಳಿಸಲಿಲ್ಲ ಸರ್. ಅವರಿಗೂ ಪಾಲಿತ್ತು.

ಮೇಷ್ಟ್ರು: ಹ್ಞೂಂ.

ಹುಡುಗಿ: ನನ್ನ ಕಷ್ಟ ಅಲ್ಲೇ ಇರೋದು. ಮಾವನ ನೀರು ಹಳದಿ ಬಂದಾಗ ನನಗೆ ನಂಬಿಕೆ ಆಗಲಿಲ್ಲ. ಬಟ್ಟಲು ತೊಳೆದು ಮತ್ತೆ ಮಾಡಿದೆ, ಹೊಸದಾಗಿ ನೀರು ತಂದು ಮತ್ತೆ ಮಾಡಿದೆ. ಇನ್ನೊಬ್ಬರ ಬೋರ್‌ವೆಲ್ ಮಿತಿಯೊಳಗೆ ಬಂತು, ಅದನ್ನು ಅಲ್ಲಿಗೇ ಬಿಟ್ಟೆ. ಅಳತೆಯಲ್ಲಿ ನಾನು ಮೋಸ ಮಾಡಲಿಲ್ಲ. ಯಾವುದನ್ನು ಮತ್ತೆ ಅಳೀಬೇಕು ಅನ್ನೋದನ್ನ ಮಾತ್ರ ನನ್ನ ಕರುಳು ತೀರ್ಮಾನ ಮಾಡ್ತು. ಮೈಸೂರಿನಿಂದ ಯಾರೋ ಬಂದಿದ್ದರೆ ಎಲ್ಲ ಬಾಟಲಿಗೂ ಒಂದೇ ನಿಯಮ ಹಾಕ್ತಿದ್ದರು.

ಮೇಷ್ಟ್ರು: ಹಾಕ್ತಿದ್ದರು, ಸಂಜೆ ಬಸ್ಸಿಗೆ ವಾಪಸ್ಸೂ ಹೋಗ್ತಿದ್ದರು. ನೋಡಮ್ಮ, ಕರುಳನ್ನ ತೆಗೆದಿಟ್ಟು ಅಳಿ ಅಂತ ನಾನು ಹೇಳಲ್ಲ, ಆಗದ ಮಾತು. ಕರುಳಿಗೆ ಗೊತ್ತಾಗದ ಹಾಗೆ ಅಳೆಯೋ ಉಪಾಯಗಳಿವೆ. ಬಾಟಲಿ ಮೇಲೆ ಹೆಸರು ಬೇಡ, ಬರೀ ನಂಬರು ಹಾಕಿ ಸ್ನೇಹಿತೆ ಕೈಗೆ ಕೊಡು. ಒಳ್ಳೇ ಉತ್ತರ ಬಂದದ್ದನ್ನೂ ಕೆಟ್ಟದ್ದರಷ್ಟೇ ಸಲ ಮತ್ತೆ ಮಾಡು. ಹೊರಗೆ ನಿಲ್ಲೋದು ಅನ್ನೋದು ಹುಟ್ಟಿನಿಂದ ಬರೋ ಗುಣ ಅಲ್ಲ, ಅದು ಕೈ ಕೆಲಸ. ಸಣ್ಣ ಕಾಲೇಜಿನಲ್ಲೂ ಆಗುತ್ತೆ. ಆದರೆ ಯಾವ ನೀರನ್ನ ಅಳೀಬೇಕು, ಯಾಕೆ ಅಳೀಬೇಕು ಅನ್ನೋದನ್ನ ಯಂತ್ರ ಹೇಳಿಕೊಡಲ್ಲ, ಪಠ್ಯವೂ ಹೇಳಿಕೊಡಲ್ಲ. ಎಂ.ಸಿ. ಮೆಹ್ತಾ ಕೇಸಿನಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲಲ್ಲವೇ ಎಲ್ಲರಿಗೂ ಪರಿಸರದ ಪಾಠ ಕಡ್ಡಾಯ ಅಂತ ಆಗಿದ್ದು? ಬಿ.ಎ. ಹುಡುಗರಿಗೂ ಅದರ ಪತ್ರಿಕೆ ಇದೆ, ನೋಡಿದ್ದೀನಿ. ಓಝೋನ್ ಪದರ, ಆಮ್ಲ ಮಳೆ, ತಾಜಮಹಲಿನ ಬಣ್ಣ, ಎಲ್ಲ ಬಾಯಿಪಾಠ. ನಾಗಮಂಗಲದ ಕಡೆಯಿಂದ ಹರಿದು ಬಂದು ಕರೀಘಟ್ಟದ ಹತ್ತಿರ ಕಾವೇರಿ ಸೇರೋ ಹೊಳೆ ಯಾವುದು ಅಂದರೆ ತಲೆ ಕೆರ್ಕೋತಾರೆ.

ಹುಡುಗಿ: ಲೋಕಪಾವನಿ.

ಮಾವ: ನಾವು ಎಮ್ಮೆ ಮೈ ತೊಳೀತಿದ್ದ ಹೊಳೆ. ಅದ್ಕೆ ಪರೀಕ್ಷೆ ಬೇರೆ.

ಮೇಷ್ಟ್ರು: ಕೆ.ಆರ್. ಪೇಟೆಗೆ ಹೇಮಾವತಿ, ಶ್ರೀರಂಗಪಟ್ಟಣಕ್ಕೆ ಕಾವೇರಿ, ಇಲ್ಲಿಗೆ ವಿಶ್ವೇಶ್ವರಯ್ಯ ನಾಲೆ, ನಾಗಮಂಗಲದ ಬಹುಪಾಲಿಗೆ ಮಳೆ. ಅರ್ಧ ದಿನದ ಬಸ್ ಚಾರ್ಜಿನಲ್ಲಿ ನಾಲ್ಕೂ ಸಿಗುತ್ತೆ. ಇಂಥ ಪ್ರಯೋಗಶಾಲೆ ಯಾವ ವಿಶ್ವವಿದ್ಯಾಲಯಕ್ಕೆ ಇದೆ?

ಮಾವ: ನಾಲೆ ಅಂದ್ರಿ, ಒಸಿ ನನ್ ಮಾತೂ ಕೇಳಿ. ನಮ್ಮಜ್ಜ ಇದನ್ನ ಇರ್ವಿನ್ ನಾಲೆ ಅಂತಿದ್ದ. ನೀರು ಬಂತು, ಹಿಂದೇನೇ ಚಳಿಜ್ವರನೂ ಬಂತು, ಮನೆಮನೇಲೂ ಮಲಗವ್ರೆ ಅಂತಿದ್ದ. ಅತ್ಲಾಗೆ ಹಳೇ ಕನ್ನಂಬಾಡಿ ಮುಳುಗ್ತು, ದೇವ್ರ ಗುಡಿ ಸಮೇತ. ಯಾರೂ ನಾಲೆ ಬೇಡ ಅನ್ನಲಿಲ್ಲ. ರಾಗಿ ಉಣ್ತಿದ್ದೋರು ಕಬ್ಬು ಕಂಡ್ರು, ಹೆಣ್ಣುಮಕ್ಳು ಓದಿದ್ರು. ಅದ್ಯಾವ ಬಟ್ಟಲಲ್ಲಿ ಹಾಕಿ ಇಂಗಿಸ್ತಾಳೆ ಇವಳು? ಯೂರಿಯಾ ಒಸಿ ಹೆಚ್ಚೇ ಹಾಕ್ತೀವಿ, ಗೊತ್ತು ನನಗೆ. ಹಾಕದಿದ್ರೆ ಟನ್ ಬರಕಿಲ್ಲ. ಟನ್ ಬಂದರೂ ಕಾರ್ಖಾನೆ ದುಡ್ಡು ಯಾವಾಗ ಬತ್ತದೋ ದೇವ್ರೇ ಬಲ್ಲ. ಇವಳ ಪುಸ್ತಕದಲ್ಲಿ ಉಳಿಯೋದು ಏನು? ನನ್ ಸರ್ವೆ ನಂಬರು, ಪಕ್ಕದಲ್ಲಿ ಒಂದು ಕೆಂಪು ಗೆರೆ.

ಹುಡುಗಿ: ಅದೂ ಬರೀತೀನಿ ಮಾವ, ಯಾಕೆ ಹಾಕ್ತೀರಿ ಅನ್ನೋದು.

ಮಾವ: ಓದೋರು ಗೆರೆ ನೋಡ್ತಾರೆ.

ಮೇಷ್ಟ್ರು: ಸರ್ವೆ ನಂಬರು ಬಿಡಮ್ಮ. ನಾಲೆಯಿಂದ ಇಷ್ಟು ದೂರದ ಬೋರ್‌ವೆಲ್, ಇಂಥ ಬೆಳೆ ಅಂತ ಬರಿ. ಮಾನವೂ ಉಳೀತು, ವಿಜ್ಞಾನವೂ ಉಳೀತು.

ಹುಡುಗಿ: ಉಳಿಯಲ್ಲ ಸರ್. ಇನ್ನೊಬ್ಬರು ಬಂದು ಅದೇ ನೀರನ್ನ ಮತ್ತೆ ಅಳೆಯೋಕೆ ಆಗದಿದ್ದರೆ ನನ್ನ ಮಾತು ನಂಬೋದು ಹೇಗೆ? ಕೈ ಕೆಲಸ ಅಂದವರು ನೀವೇ. ಅದೂ ಅಲ್ಲದೆ, ನಾವು ಘಟಕದ ನೀರು ಕುಡೀತೀವಿ. ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಬಂದವರು ಗದ್ದೆ ಅಂಚಿನಲ್ಲಿ ಟಾರ್ಪಾಲು ಕಟ್ಟಿಕೊಂಡು ಇರ್ತಾರಲ್ಲ, ಅವರು ಇದೇ ಬೋರ್‌ವೆಲ್‌ಗೆ ಬಿಂದಿಗೆ ಇಡ್ತಾರೆ. ಹೋದ ಸಲ ಬಂದಾಗ ಒಬ್ಬಳಿಗೆ ಹಸುಗೂಸು ಇತ್ತು. ಈ ನೀರಿನ ಅಪಾಯ ಎಲ್ಲರಿಗಿಂತ ಹೆಚ್ಚು ಕೈಗೂಸುಗಳಿಗೆ. ರಕ್ತಕ್ಕೆ ಆಮ್ಲಜನಕ ಸಾಗಿಸೋ ಶಕ್ತಿ ಕುಗ್ಗಿ ಮೈ ನೀಲಿ ತಿರುಗುತ್ತೆ.

(ಮೇಷ್ಟ್ರು ಇದಕ್ಕೆ ಏನೂ ಹೇಳಲಿಲ್ಲ. ಅವರ ಪಕ್ಷದವನಾದ ನನಗೂ ಅವರ ಬಾಯಿಗೆ ಇಡಲು ಉತ್ತರ ಸಿಗಲಿಲ್ಲ.)

ಮಾವ: ಅದ್ನ ಮೊದಲೇ ಹೇಳಕಾಯ್ತಿರಲಿಲ್ವಾ?

ಹುಡುಗಿ: ಹೇಳಿದ್ದೆ ಮಾವ. ನೀವು 45ಕ್ಕೇ ನಿಂತುಬಿಟ್ಟಿರಿ.

ಮಾವ: ಈ ಸಲ ಅವರು ಬಂದಾಗ ಕ್ಯಾನ್ ನೀರು ತರ್ಸನ, ಅದೇನ್ ದೊಡ್ಡದಲ್ಲ. ಆದ್ರೆ ಒಂದ್ ಮಾತು. ಬರೆಯೋದಾದ್ರೆ ನಂದೊಂದೇ ಯಾಕೆ? ಈ ಬಯಲಿನ ಅಷ್ಟೂ ಬೋರ್‌ವೆಲ್ ಅಳಿ. ಎಲ್ಲರ ಸರ್ವೆ ನಂಬರೂ ಹಾಕು.

ಹುಡುಗಿ: ಎಲ್ಲರೂ ನೀರು ಕೊಡ್ತಾರಾ?

ಮಾವ: ನಾನು ಕೇಳಿದ್ರೆ ಕೊಡ್ತಾರೆ. ಏನಕ್ಕೆ ಅಂತ ಕೇಳ್ತಾರಷ್ಟೆ.

ಮೇಷ್ಟ್ರು: ಇದ್ದದ್ದು ಇದ್ದ ಹಾಗೆ ಹೇಳಿ.

ಮಾವ: ಇದ್ದಂಗೆ ಹೇಳಿದ್ರೆ ಕೊಡಕಿಲ್ಲ ಮೇಷ್ಟ್ರೇ.