ನಡುವೆ ಏನು ಮಾಡ್ತಿದ್ದೆ?

ಕಳೆದ ತಿಂಗಳು ಕಾಪುವಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಊಟ ಬಡಿಸುತ್ತಾ ಅಕ್ಕ ಮೆಲ್ಲಗೆ ಹೇಳಿದಳು, "ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಪ್ರೈವೇಟಾಗಿ ಕಟ್ಟುವ ಅಂತ ಉಂಟು. ಫಾರಂ ತುಂಬಿಸಿ ಕೊಡ್ತೀಯಾ?" ಅವಳಿಗೀಗ 42. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಈಗ ಎಂತಕ್ಕೆ ಅಕ್ಕ?"

ಅವಳು ಮತ್ತೆ ಮಾತಾಡಲಿಲ್ಲ. ಸಾರು ಬಡಿಸಿದಳು.

ಕಾರ್ಕಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಕ್ಕ ಎಂಟನೇ ಕ್ಲಾಸಿನ ಅರ್ಧದಲ್ಲಿ ಶಾಲೆ ಬಿಟ್ಟಳು. ಬಿಟ್ಟಳು ಅನ್ನುವುದು ಸುಳ್ಳು, ಬಿಡಿಸಿದರು. ಅಪ್ಪನಿಗೆ ಹುಷಾರಿರಲಿಲ್ಲ. ಅವಳು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಲು ಕೂತಳು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ನಾನಾಗ ಒಂದನೇ ಕ್ಲಾಸು. ನಮ್ಮೂರಿಂದ ಬಸ್ಸು ಹತ್ತಿದರೆ ಮಣಿಪಾಲ. ಅಲ್ಲಿ 1953ರಿಂದಲೇ ಮೆಡಿಕಲ್ ಕಾಲೇಜು, 1957ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಬೀಡಿ ಕಟ್ಟುವ ಹುಡುಗಿಗೆ ಒಂಬತ್ತನೇ ಕ್ಲಾಸೇ ಅದಕ್ಕಿಂತ ದೂರ.

ನಮ್ಮ ಕಡೆ ಗಂಡುಹುಡುಗರೂ ಶಾಲೆ ಬಿಟ್ಟಿದ್ದಾರೆ. ಮುಂಬಯಿಗೆ ಹೋಗಿ ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿದವರು ಎಷ್ಟೋ ಮಂದಿ. ಆದರೆ ಅಲ್ಲಿ ಅವರಿಗೆ ರಾತ್ರಿ ಶಾಲೆಗಳಿದ್ದವು. ಮೊಗವೀರರ, ಬಿಲ್ಲವರ ಸಂಘಗಳೇ ಅಂಥ ಶಾಲೆ ನಡೆಸಿದವು. ಹಗಲು ಗ್ಲಾಸು ತೊಳೆದ ಕೈ ರಾತ್ರಿ ಲೆಕ್ಕ ಬಿಡಿಸಿತು. ಅದನ್ನು ನಮ್ಮವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಹಳ್ಳಿಯ ಅಕ್ಕಂದಿರಿಗೆ ಅಂಥ ಬಾಗಿಲೂ ಇರಲಿಲ್ಲ. ಇದ್ದಿದ್ದರೂ ಕತ್ತಲಾದ ಮೇಲೆ ಯಾರು ಕಳಿಸುತ್ತಿದ್ದರು?

"ಕಾರಂತರು ಕಾಲೇಜು ಬಿಟ್ಟೂ ಅಷ್ಟು ದೊಡ್ಡವರಾಗಲಿಲ್ವಾ?" ಅನ್ನುವವರಿದ್ದಾರೆ. ನಿಜ. ಕೋಟದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟರು. ಮುಂದೆ ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದರು, 1977ರ ಜ್ಞಾನಪೀಠ ಪಡೆದರು. ಆದರೆ ಅವರು ತಾವಾಗಿ ಎದ್ದು ಬಂದವರು. ಎದ್ದು ಬರುವುದೂ ಎಬ್ಬಿಸಿ ಕಳಿಸುವುದೂ ಒಂದೇ ಅಲ್ಲ.

ಬೆಂಗಳೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಆಫೀಸಿನಲ್ಲಿ ನಾನು ಇಂಟರ್‌ವ್ಯೂ ತಗೊಳ್ತೇನೆ. ರೆಸ್ಯೂಮೆಯಲ್ಲಿ ಎರಡು ವರ್ಷ ಖಾಲಿ ಕಂಡರೆ "ನಡುವೆ ಏನು ಮಾಡ್ತಿದ್ದೆ?" ಅಂತ ಕೇಳುತ್ತೇನೆ. ಉತ್ತರ ಮುಗಿಯುವ ಮೊದಲೇ ನನ್ನ ತಲೆಯಲ್ಲಿ ಮಾರ್ಕು ಕಡಿಮೆಯಾಗಿರುತ್ತದೆ. ನನ್ನ ರೆಸ್ಯೂಮೆಯಲ್ಲಿ ಒಂದು ವರ್ಷವೂ ಖಾಲಿ ಇಲ್ಲ. ಅದು ನನ್ನ ಶ್ರಮ ಅಂದುಕೊಂಡಿದ್ದೆ. ಆದರೆ ಪಿಯುಸಿ ಫೀಸು, ಬಿಇ ಮೊದಲ ವರ್ಷದ ಹಾಸ್ಟೆಲ್ ಖರ್ಚು, ಎರಡೂ ಬೀಡಿಯ ದುಡ್ಡು. ನನ್ನ ಪಾಲಿನ ಖಾಲಿ ವರ್ಷಗಳೂ ಅಕ್ಕನ ಲೆಕ್ಕಕ್ಕೇ ಹೋಗಿವೆ.

ಹಾಗಾದರೆ ಅವಳ ಓದಿಗೆ ನಾನು ಕೊಡುವ ದುಡ್ಡು ಸಹಾಯವೋ, ಸಾಲದ ಕಂತೋ? ಸಹಾಯ ಅಂದುಕೊಂಡರೆ "ಏನು ಪ್ರಯೋಜನ" ಅಂತ ಕೇಳುವ ಹಕ್ಕು ನನಗೆ ತಾನಾಗಿಯೇ ಬಂದುಬಿಡುತ್ತದೆ. ಸಾಲ ಅಂದುಕೊಂಡರೆ ಬರುವುದಿಲ್ಲ. ಕೊಟ್ಟ ಸಾಲ ವಾಪಸು ಕೇಳಿದವರಿಗೆ "ದುಡ್ಡು ಎಂತಕ್ಕೆ" ಅಂತ ಯಾರಾದರೂ ಕೇಳ್ತಾರಾ? 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಆ ವಯಸ್ಸು ದಾಟಿದವರ ಹಕ್ಕನ್ನು, ಅವರ ದುಡಿಮೆಯಲ್ಲಿ ಓದಿದ ನಾವಾದರೂ ನೆನಪಿಟ್ಟುಕೊಳ್ಳಬೇಕಲ್ಲ.

ಮರುದಿನ ಫೋನ್ ಮಾಡಿ ತಪ್ಪಾಯ್ತು ಅಂದೆ. ಅಕ್ಕ ನಕ್ಕಳು. "ಮಗಳು ಈ ವರ್ಷ ಎಂಟನೇ ಕ್ಲಾಸು ಮಾರಾಯ. ಅವಳ ಪುಸ್ತಕ ತೆಗೆದು ನೋಡಿದೆ. ಅರ್ಧದ ನಂತರ ಎಂತ ಉಂಟು ಅಂತ ನನಗೆ ಯಾರೂ ಹೇಳಲೇ ಇಲ್ಲ."

ಫಾರಂ ತುಂಬಿಸಿ ಕಳಿಸಿದ್ದೇನೆ. ನಿಮ್ಮ ಮನೆಯಲ್ಲೂ ಹೀಗೊಬ್ಬ ಅಕ್ಕ ಇರಬಹುದು. ಓದ್ತೀಯಾ ಅಂತ ಒಮ್ಮೆ ಕೇಳಿ ನೋಡಿ. "ಎಂತಕ್ಕೆ" ಅಂತ ಮಾತ್ರ ಕೇಳಬೇಡಿ.