ಶಾಲೆಯ ಇಳುವರಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಯೊಳಗೆ ಬರುತ್ತವೆ. ಅದೇ ಕಂದಾಯ ಜಿಲ್ಲೆಯಲ್ಲಿ ಚಿಕ್ಕೋಡಿ ಎಂಬ ಇನ್ನೊಂದು ಶೈಕ್ಷಣಿಕ ಜಿಲ್ಲೆಯಿದೆ. ಹತ್ತನೇ ತರಗತಿಯ ಫಲಿತಾಂಶ ಬಂದ ದಿನ ನಕಾಶೆಯಲ್ಲಿ ಕಾಣದ ಈ ಗೆರೆಗೆ ಎಲ್ಲಿಲ್ಲದ ಜೀವ ಬರುತ್ತದೆ. ಚಿಕ್ಕೋಡಿ ಎಷ್ಟನೆಯದು, ಬೆಳಗಾವಿ ಎಷ್ಟನೆಯದು, ಕೆಳಗಿಳಿದದ್ದು ಯಾರಿಂದ? ಈ ಚಟ ಹತ್ತನೇ ತರಗತಿಗೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಅದು ಈಗ ಹತ್ತು ವರ್ಷದ ಮಕ್ಕಳವರೆಗೂ ಇಳಿದಿದೆ.

2022ರ ಡಿಸೆಂಬರಿನಲ್ಲಿ ಸರಕಾರ 5 ಮತ್ತು 8ನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನದ ಸುತ್ತೋಲೆ ಹೊರಡಿಸಿತು. 2023ರ ಮಾರ್ಚಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಅದೇ ತಿಂಗಳು ವಿಭಾಗೀಯ ಪೀಠ ಅನುಮತಿ ಕೊಟ್ಟಿತು, ಪರೀಕ್ಷೆ ನಡೆಯಿತು. ಮರುವರ್ಷ ಮತ್ತೆ ಅದೇ ಕಥೆ. ಈ ಸಲ ಪರೀಕ್ಷೆ ನಡುವೆಯೇ ನಿಂತು, ಮತ್ತೆ ಶುರುವಾಗಿ, ಕೊನೆಗೆ 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಹಾಕಿತು. ಶಿಕ್ಷಣ ಹಕ್ಕು ಕಾಯ್ದೆಯ 30ನೇ ಕಲಮಿನ ಪ್ರಕಾರ 8ನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕೆಂದಿಲ್ಲ. ಯಾರನ್ನೂ ನಪಾಸು ಮಾಡುವುದಿಲ್ಲ, ಕಲಿಕೆ ತಿಳಿಯಲಿಕ್ಕಷ್ಟೇ ಇದು ಎಂದು ಸರಕಾರ ಹೇಳಿತು. ನ್ಯಾಯದ ಈ ವಾದ ವಕೀಲರಿಗಿರಲಿ. ನನಗೆ ಕಾಡುವುದು ಅದಕ್ಕೂ ಮೊದಲಿನ ಪ್ರಶ್ನೆ: ಆ ಅಂಕ ಯಾರದು? ಮಗುವಿನದೋ, ಶಾಲೆಯದೋ?

ಐದನೇ ಇಯತ್ತೆಯಲ್ಲಿ ಇಪ್ಪತ್ತೆಂಟು ಮಕ್ಕಳಿರುವ ಒಂದು ಸಾಲಿಯನ್ನು ಊಹಿಸಿಕೊಳ್ಳಿ. ಅಕ್ಕೋರಿಗೆ ದಿನಕ್ಕೆ ಅರ್ಧ ತಾಸು ಹೆಚ್ಚಿನ ವೇಳೆ ಸಿಗುತ್ತದೆ. ಗೆರೆಯ ಅಂಚಿನಲ್ಲಿರುವ ಹುಡುಗಿಯೊಬ್ಬಳಿದ್ದಾಳೆ, ಭಾಗಾಕಾರ ನಾಲ್ಕು ಸಲ ಹೇಳಿಕೊಟ್ಟರೆ ದಾಟುತ್ತಾಳೆ. ಹಿಂದಿನ ಸಾಲಿನಲ್ಲಿ ಒತ್ತಕ್ಷರ ಕೂಡಿಸಿ ಓದಲು ಬಾರದ ಹುಡುಗನೊಬ್ಬನಿದ್ದಾನೆ. ಅವನ ಜೊತೆ ಇಡೀ ವರ್ಷ ಕೂತರೂ ಮಾರ್ಚಿಗೆ ಅವನು ಗೆರೆ ದಾಟುವುದಿಲ್ಲ, ಆದರೆ ಓದಲು ಕಲಿಯುತ್ತಾನೆ. ಶೇಕಡಾವಾರು ಲೆಕ್ಕ ಹುಡುಗಿಯ ಬಳಿ ಹೋಗು ಎನ್ನುತ್ತದೆ. ಹುಡುಗ ಎಷ್ಟೇ ಮುಂದೆ ಬಂದರೂ ಆ ಲೆಕ್ಕದಲ್ಲಿ ಅವನು ಸೊನ್ನೆಯೇ. ಅಕ್ಕೋರು ಕೆಟ್ಟವರಾಗಬೇಕಿಲ್ಲ, ಮೇಲಿನಿಂದ ಬಂದ ಆದೇಶವನ್ನು ಪ್ರಾಮಾಣಿಕವಾಗಿ ಪಾಲಿಸಿದರೆ ಸಾಕು, ಹುಡುಗ ಹಿಂದೆ ಉಳಿಯುತ್ತಾನೆ. ನಕಲು ಮಾಡಿಸುವುದು, ದಡ್ಡ ಎನಿಸಿಕೊಂಡವನಿಗೆ ಆ ದಿನ ಬರಬೇಡ ಎನ್ನುವುದು ತಪ್ಪೆಂದು ಎಲ್ಲರಿಗೂ ಗೊತ್ತು. ಇದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ, ಅದಕ್ಕೇ ನನಗೆ ಇದರದೇ ಹೆಚ್ಚು ಭಯ.

ನಮ್ಮ ಕಡೆಯವರಿಗೆ ಇದನ್ನು ಕಬ್ಬಿನ ಮಾತಿನಲ್ಲಿ ಹೇಳಬಹುದು. ಕಬ್ಬಿನ ದರ ಸಕ್ಕರೆ ಇಳುವರಿಯ ಮೇಲೆ ನಿಂತಿದೆ. ಆದರೆ ಅದು ನಿಮ್ಮ ಹೊಲದ ಇಳುವರಿಯಲ್ಲ, ಕಾರ್ಖಾನೆಯ ಸರಾಸರಿ. ಗೊಬ್ಬರ ಹಾಕಿ, ನೀರು ಕಟ್ಟಿ ಸಿಹಿ ಕಬ್ಬು ಬೆಳೆದವನಿಗೂ, ಎಳೆಯದನ್ನು ಕಡಿದು ತಂದವನಿಗೂ ಒಂದೇ ಲೆಕ್ಕ. ಕಾಟಾದ ಮೇಲೂ ರೈತರಿಗೆ ನಂಬಿಕೆಯಿಲ್ಲ, ಸರಕಾರವೇ ತೂಕದ ಯಂತ್ರ ಇಡಲಿ ಎಂದು ಕೇಳುತ್ತಲೇ ಬಂದಿದ್ದಾರೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಯಾಕೆಂದರೆ ತೂಕ ಮಾಡಿದ್ದಕ್ಕೆ ಕಬ್ಬು ಬದಲಾಗುವುದಿಲ್ಲ. ಮಗು ಬದಲಾಗುತ್ತದೆ. ತನ್ನಿಂದ ಸಾಲಿಯ ಹೆಸರು ಕೆಟ್ಟಿತೆಂದು ಒಮ್ಮೆ ಕೇಳಿದ ಮಗು ಮುಂದೆ ಗಣಿತದ ಪುಸ್ತಕ ತೆರೆಯುವ ರೀತಿಯೇ ಬೇರೆ.

ಇದು ಹೊಸ ರೋಗವೇನಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ತಂದ ನಿಯಮದಂತೆ ಓದು, ಬರಹ, ಲೆಕ್ಕಗಳಲ್ಲಿ ಮಗು ಇನ್‌ಸ್ಪೆಕ್ಟರ್ ಎದುರು ಪಾಸಾದರಷ್ಟೇ ಶಾಲೆಗೆ ಪೂರ್ತಿ ಅನುದಾನ. ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿ ಒಪ್ಪಿಸತೊಡಗಿದರು. ಸ್ವತಃ ಶಾಲಾ ಇನ್‌ಸ್ಪೆಕ್ಟರನಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಇದನ್ನು ಬಲವಾಗಿ ವಿರೋಧಿಸಿದ. ಆ ಶತಮಾನ ಮುಗಿಯುವುದರೊಳಗೆ ಅವರೇ ಅದನ್ನು ಕೈಬಿಟ್ಟರು. ಬೆಳಗಾವಿ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲೂ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಬಂದಿತ್ತು. ಮುಲ್ಕಿ ಪರೀಕ್ಷೆಯ ಮಾತು ಬೇರೆ. ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪಾಸಾದವನು ಮಾಸ್ತರನೋ ತಲಾಠಿಯೋ ಆಗಬಹುದಿತ್ತು. ಅದು ಕಠಿಣವಿತ್ತು, ಆದರೆ ಅದರ ಫಲ, ಸೋಲು ಎರಡೂ ಬರೆದವನದೇ. ನಮ್ಮ ಅಜ್ಜಂದಿರು ಮುಲ್ಕಿಯ ಬಗ್ಗೆ ಜಂಬ ಪಡುತ್ತಿದ್ದದ್ದು ಇದಕ್ಕೇ ಇರಬೇಕು.

ಹಾಗಾದರೆ ಪರೀಕ್ಷೆಯೇ ಬೇಡವೇ? ಹಾಗೆನ್ನುವವರ ಜೊತೆ ನಾನಿಲ್ಲ. ರಾಮದುರ್ಗದ ಮಗ್ಗದ ಮನೆಯ ತಾಯಿಗೆ ಓದು ಬರುವುದಿಲ್ಲ ಎಂದಿಟ್ಟುಕೊಳ್ಳಿ. ಮಗನ ನೋಟಬುಕ್ ನೋಡಿ ಅವಳು ಏನನ್ನೂ ಅಳೆಯಲಾರಳು. ‘ಚಲೋ ಓದತಾನ್ರೀ’ ಎಂಬ ಒಂದು ಮಾತಿನಿಂದ ಐದು ವರ್ಷ ಅವಳನ್ನು ಕಳಿಸಿಬಿಡಬಹುದು. ಹೊರಗಿನಿಂದ ಬಂದ ಪ್ರಶ್ನೆಪತ್ರಿಕೆಯೊಂದೇ ಅವಳ ಕೈಯಲ್ಲಿರುವ ಕಾಟಾ. ಮನೆಯಲ್ಲಿ ಓದಿದವರಿರುವ ಮಗುವಿಗೆ ಪರೀಕ್ಷೆ ಬೇಡ ಎನ್ನುವುದು ಸುಲಭ. ಬಡವರ ಮಗುವಿನ ಅಜ್ಞಾನವನ್ನು ಮುಚ್ಚಿಟ್ಟು ಅದಕ್ಕೆ ಕರುಣೆ ಎಂದು ಹೆಸರಿಡುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಈ ವಿಷಯದಲ್ಲಿ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಒಂದು ಪದ್ಧತಿ ನನಗೆ ಹಿಡಿಸುತ್ತದೆ. ಅವರು ಸಾಲಿಯಲ್ಲಿ ಮಕ್ಕಳನ್ನು ಕೂರಿಸಿ ಬರೆಸುವುದಿಲ್ಲ, ಹಳ್ಳಿಯ ಇಪ್ಪತ್ತು ಮನೆಗಳಿಗೆ ಹೋಗಿ ಒಂದೊಂದೇ ಮಗುವಿನ ಎದುರು ಕೂತು ಓದಿಸುತ್ತಾರೆ. ಅಕ್ಷರ, ಪದ, ಸಣ್ಣ ಪರಿಚ್ಛೇದ, ಎರಡನೇ ತರಗತಿಯ ಕಥೆ. ಮಗು ಎಲ್ಲಿ ನಿಂತಿತೋ ಅಲ್ಲಿಗೆ ಗುರುತು. ಹೀಗಾಗಿ ಸಾಲಿ ಬಿಟ್ಟವರೂ ಲೆಕ್ಕಕ್ಕೆ ಬರುತ್ತಾರೆ. ಅದೂ ಮಾದರಿ ಸಮೀಕ್ಷೆಯೇ, ಯಾವ ಮಗುವಿಗೂ ಅಂಕಪಟ್ಟಿ ಕೊಡುವುದಿಲ್ಲ, ಯಾವ ಸಾಲಿಗೂ ಸ್ಥಾನ ಕೊಡುವುದಿಲ್ಲ. ಆದರೆ ಹಿಂದಿನ ಸಾಲಿನ ಆ ಹುಡುಗ ಅಕ್ಷರದಿಂದ ಪದಕ್ಕೆ ಬಂದರೆ ಅಲ್ಲಿ ಕಾಣುತ್ತಾನೆ.

ಸಾಲಿಯ ಫಲಕದ ಮೇಲೂ ಇಂಥದ್ದನ್ನು ಬರೆಯಲು ಅಡ್ಡಿಯೇನಿಲ್ಲ. ಜೂನಿನಲ್ಲಿ ಎಷ್ಟು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ, ಮಾರ್ಚಿನಲ್ಲಿ ಎಷ್ಟು ಮಂದಿಗೆ ಬರುವುದಿಲ್ಲ. ಇನ್ನೊಂದು ಸಾಲು ಇರಲೇಬೇಕು: ಪರೀಕ್ಷೆಯ ದಿನ ಬಾರದವರು ಎಷ್ಟು, ಯಾಕೆ. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡದ ಜಾತ್ರೆಗೆ ಅಂಗಡಿ ಹಾಕುವ ಮನೆಯ ಮಗು, ಬೈಲಹೊಂಗಲದ ಹೊಲಕ್ಕೆ ಕಬ್ಬು ಕಡಿಯಲು ಬಂದವರ ಗುಡಿಸಲಿನ ಮಗು, ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿ. ಇವರನ್ನು ಬಿಟ್ಟು ಬರುವ ನೂರಕ್ಕೆ ತೊಂಬತ್ತು ಯಾವ ನೂರರಲ್ಲಿ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಯಾರಾದರೂ ಒಬ್ಬ ತಾಯಿ ಕೇಳಬಹುದು, ಹಾಜರಿ ಪುಸ್ತಕ ಅಲ್ಲೇ ಮೇಜಿನ ಮೇಲಿರುತ್ತದೆ.