ಒಕ್ಕಲಿಲ್ಲದ ಮನೆ

ಹೊಸ ಮನೆಗೆ ಹೋಗುವುದನ್ನು ನಮ್ಮ ಹಳ್ಳಿಯ ಕಡೆ ‘ಒಕ್ಕಲು ಹೋಗುವುದು’ ಎನ್ನುತ್ತಾರೆ. ಗೃಹಪ್ರವೇಶವೆಂಬ ಮಾತಿಗಿಂತ ಇದು ನನಗೆ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ. ಪ್ರವೇಶ ಒಂದು ದಿನದ ಕೆಲಸ. ಪುರೋಹಿತರು ಬಂದು, ಹಾಲು ಉಕ್ಕಿ, ಊಟವಾದರೆ ಮುಗಿಯಿತು. ಒಕ್ಕಲಾಗುವುದು ಹಾಗಲ್ಲ. ದಿನವೂ ಒಲೆ ಉರಿಯಬೇಕು, ಬಚ್ಚಲಿನ ನೀರು ಹರಿಯಬೇಕು, ಮಕ್ಕಳು ಗೋಡೆಯ ಮೇಲೆ ಗೀಚಬೇಕು. ಬೆಂಗಳೂರಿನಲ್ಲಿ ಈಗ ಪ್ರವೇಶವಾಗಿಯೂ ಒಕ್ಕಲಾಗದ ಮನೆಗಳಿಗೇನೂ ಕೊರತೆಯಿಲ್ಲ. ಹಾಲು ಉಕ್ಕಿಸಿದ ಸಂಜೆಯೇ ಬೀಗ ಬಿದ್ದಿರುತ್ತದೆ. ಬಾಗಿಲ ತೋರಣ ಒಣಗಿ ಉದುರಿ ಎಷ್ಟೋ ವರ್ಷಗಳಾಗಿರುತ್ತವೆ. ಒಳಗೆ ಬೆಳೆಯುತ್ತಿರುವುದು ಮನೆಯ ಬೆಲೆಯೊಂದೇ.

ಇದರಿಂದ ಯಾರಿಗೇನು ಅನ್ಯಾಯವಾಯಿತು? ಅವರ ಹಣ, ಅವರ ಮನೆ, ಅವರ ಬೀಗ. ಹೀಗೆ ಕೇಳುವವರನ್ನು ಸ್ವಾರ್ಥಿಗಳೆಂದು ತಳ್ಳಿಹಾಕುವುದು ಸುಲಭ. ಆದರೆ ಜೀವಮಾನದ ಸಂಪಾದನೆಯನ್ನೆಲ್ಲ ಸುರಿದು ಮನೆ ಕಟ್ಟಿದವನ ಕಷ್ಟವನ್ನು ಬಲ್ಲ ನಮ್ಮ ಮಧ್ಯಮ ವರ್ಗದವರು ಆ ಪ್ರಶ್ನೆಗೆ ಕಿವಿಗೊಡಲೇಬೇಕು.

ಮೊದಲು ಅಂಕಿಗಳನ್ನು ನೋಡೋಣ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಎಂದು ಎಣಿಸಿದ ಮನೆಗಳು ಸುಮಾರು 1 ಕೋಟಿ 10 ಲಕ್ಷ. ಅದೇ ಗಣತಿಯಲ್ಲಿ ನಗರಗಳಲ್ಲಿ ಸೂರಿಲ್ಲದವರೆಂದು ಸಿಕ್ಕವರು 9 ಲಕ್ಷದ 38 ಸಾವಿರ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಸಮಸ್ಯೆಯೇ ಇಲ್ಲವೆನ್ನಬೇಕು! ಆದರೆ 2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ತಂಡ ನಗರಗಳಿಗೆ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು ಲೆಕ್ಕ ಹಾಕಿತು. ಆ ಕೊರತೆಯಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಬಡವರದು, ಅಲ್ಪ ಆದಾಯದವರದು. ಅವರಲ್ಲಿ ಬಹುಮಂದಿ ಬೀದಿಯಲ್ಲಿರುವವರಲ್ಲ. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಬದುಕುವವರು. ಖಾಲಿ ಮನೆಯೂ ಇಕ್ಕಟ್ಟಿನ ಮನೆಯೂ ಒಂದೇ ಬೀದಿಯ ಎರಡು ಬದಿಗಳಲ್ಲಿ ಇರಬಲ್ಲವು.

ಸರ್ಕಾರ ಸುಮ್ಮನಿಲ್ಲ. ಹಣ ಕೊಡುತ್ತದೆ, ಮನೆ ಕಟ್ಟುತ್ತದೆ. ಕಟ್ಟಿದ್ದನ್ನು ಉದ್ಘಾಟಿಸಲು ಮಂತ್ರಿಗಳು ಬರುತ್ತಾರೆ. ಬೀಗ ತೆರೆಸಿದರೆ ಯಾರು ಬರಬೇಕು? 2005ರಲ್ಲಿ ಶುರುವಾದ ನಗರ ನವೀಕರಣ ಯೋಜನೆಯಲ್ಲಿ ಬಡವರಿಗೆಂದೇ ಕಟ್ಟಿದ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದವು. ಊರಾಚೆ ಎಲ್ಲೋ ಕಟ್ಟಿ, ಕೆಲಸ ಇನ್ನೆಲ್ಲೋ ಇದ್ದರೆ ಯಾರು ಒಕ್ಕಲಾಗುತ್ತಾರೆ? 2020ರಲ್ಲಿ ವಲಸೆ ಕೂಲಿಗಳು ಹೆದ್ದಾರಿಗಳಲ್ಲಿ ಕಾಲ್ನಡಿಗೆಯಲ್ಲಿ ಊರಿಗೆ ಹೊರಟಿದ್ದನ್ನು ದೇಶವೆಲ್ಲ ನೋಡಿದ ಮೇಲೆ, ಈ ಖಾಲಿ ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡುವ ಯೋಜನೆ ಬಂತು. ಬುದ್ಧಿ ತಡವಾಗಿ ಬಂದರೂ ಒಳ್ಳೆಯ ಬುದ್ಧಿಯೇ.

ಖಾಸಗಿ ಬೀಗದ ಮಾತಿಗೆ ಬರುತ್ತೇನೆ. ನಿವೇಶನದ ಬೆಲೆ ಹತ್ತು ಪಾಲು ಏರಿದ್ದು ಮಾಲೀಕನ ಬೆವರಿನಿಂದಲೇ? ರಸ್ತೆ ಬಂತು, ಕಾವೇರಿ ಬಂತು, ನೆರೆಯಲ್ಲಿ ಜನ ತುಂಬಿ ಅಂಗಡಿ, ಶಾಲೆಗಳಾದವು. ಊರಿನವರೆಲ್ಲ ಸೇರಿ ಬೆಳೆಸಿದ ಬೆಲೆಯಲ್ಲಿ ಊರಿಗೂ ಒಂದು ಪಾಲಿದೆ. ಉಳುವವನೇ ಹೊಲದೊಡೆಯನೆಂದು 1974ರಲ್ಲಿ ನಾವು ಒಪ್ಪಿದೆವು. ವಾಸಿಸುವವನೇ ಮನೆಯೊಡೆಯನೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ನಾಳೆಯಿಂದ ಯಾರೂ ಬಾಡಿಗೆಗೆ ಕೊಡುವುದಿಲ್ಲ. ಆದರೂ ವಾಸಿಸುವವನಿಗೆ ಅಲ್ಲಿ ಏನೂ ಹಕ್ಕಿಲ್ಲವೆಂಬುದನ್ನು ನಾನು ಒಪ್ಪಲಾರೆ.

ಇದು ಹೊಸ ವಿಚಾರವೇನೂ ಅಲ್ಲ. 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಮನೆ ಖಾಲಿಯಾದ ಹದಿನೈದು ದಿನದೊಳಗೆ ಮಾಲೀಕ ಕಂಟ್ರೋಲರಿಗೆ ತಿಳಿಸಬೇಕಾಗಿತ್ತು. ಇಂಥವರಿಗೆ ಬಾಡಿಗೆಗೆ ಕೊಡೆಂದು ಹೇಳುವ ಅಧಿಕಾರ ಆ ಕಂಟ್ರೋಲರಿಗಿತ್ತು. ಖಾಲಿ ಮನೆ ಊರಿನ ಸಂಗತಿಯೆಂದು ಕಾನೂನೇ ಒಪ್ಪಿತ್ತು. 1999ರ ಕಾಯಿದೆ ಅದರ ಜಾಗಕ್ಕೆ ಬಂತು. ಹಳೆಯದನ್ನು ಹಾಗೆಯೇ ತರಬೇಕೆಂದು ನನ್ನ ವಾದವಲ್ಲ. ಬಾಡಿಗೆ ಏರಿಸುವಂತಿಲ್ಲ, ಬಿಡಿಸಬೇಕಾದರೆ ಕೋರ್ಟು ಅಲೆಯಬೇಕು ಎಂಬ ಭಯವೇ ಎಷ್ಟೋ ಮನೆಗಳಿಗೆ ಬೀಗ ಹಾಕಿಸಿತು. ಆ ಭಯ ಸುಳ್ಳೂ ಆಗಿರಲಿಲ್ಲ. ಅದಕ್ಕೆ ತಕ್ಕಂತೆ ತೆರಿಗೆಯೂ ಇತ್ತು. 2008ರಲ್ಲಿ ಬೆಂಗಳೂರಿಗೆ ಬಂದ ಆಸ್ತಿ ತೆರಿಗೆಯ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಯ ಎರಡರಷ್ಟು ದರ. ಇನ್ನೊಬ್ಬನಿಗೆ ಬಾಗಿಲು ತೆರೆದವನೇ ಹೆಚ್ಚು ತೆರಬೇಕು! ಕೆನಡದ ವ್ಯಾಂಕೂವರ್ ನಗರ 2017ರಿಂದ ಇದಕ್ಕೆ ವಿರುದ್ಧವಾಗಿ ಖಾಲಿ ಬಿಟ್ಟ ಮನೆಗೇ ತೆರಿಗೆ ಹಾಕುತ್ತಿದೆ. ನ್ಯಾಯ ಆ ಕಡೆಗಿದೆಯೆಂದು ನನಗನ್ನಿಸುತ್ತದೆ.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಪ್ರಾಯದವರು. ಮದುವೆಯಾಗದ ಹುಡುಗನಿಗೆ ಮನೆ ಕೊಡರು. ಕೊಟ್ಟರೂ ಹತ್ತು ತಿಂಗಳ ಮುಂಗಡ ಕೇಳುತ್ತಾರೆ. ತಂದೆತಾಯಿ ಇದ್ದವರು ಹೇಗೋ ಹೊಂದಿಸುತ್ತಾರೆ. ಬಾಲಮಂದಿರದಲ್ಲಿ ಬೆಳೆದವರ ಗತಿಯೇನು? ಹದಿನೆಂಟು ತುಂಬಿದ ದಿನಕ್ಕೆ ಅವರ ಮನೆ ಮುಗಿಯುತ್ತದೆ. ನಮ್ಮ ಕಾಲೇಜಿನ ಅರ್ಜಿಯಲ್ಲಿ ‘ಖಾಯಂ ವಿಳಾಸ’ ಎಂಬ ಅಂಕಣವಿದೆ. ಅಂಥ ಹುಡುಗಿ ಅದರಲ್ಲಿ ಏನೆಂದು ಬರೆಯಬೇಕು? 2015ರ ಬಾಲನ್ಯಾಯ ಕಾಯಿದೆ ಇಪ್ಪತ್ತೊಂದರವರೆಗಿನ ಆರೈಕೆಯ ಮಾತನ್ನಾಡುತ್ತದೆ. ಹೊರಹೋಗುವವರಿಗೆ ಹಣದ ನೆರವು ‘ಕೊಡಬಹುದು’ ಎನ್ನುತ್ತದೆ. ವ್ಯಾಕರಣ ಹೇಳಿಕೊಡುವ ನನಗೆ ಆ ‘ಬಹುದು’ ಚುಚ್ಚುತ್ತದೆ. ಅರವತ್ತೊಂದರ ಕಾಯಿದೆ ಮನೆಯುಳ್ಳವನಿಗೆ ‘ಬೇಕು’ ಎಂದಿತ್ತು. ಇಲ್ಲಿ ಮನೆಯಿಲ್ಲದವಳ ಪಾಲಿಗೆ ‘ಬಹುದು’. ‘ಬಹುದು’ ಎಂಬಲ್ಲಿ ‘ಬಾರದೆಯೂ ಇರಬಹುದು’ ಎಂಬುದೂ ಅಡಗಿದೆ.

ಎಲ್ಲ ಮನೆಗಳನ್ನೂ ಕಟ್ಟಿಸಿಕೊಡಲು ಬೊಕ್ಕಸಕ್ಕೆ ಶಕ್ತಿ ಸಾಲದಿರಬಹುದು. ಬೀಗ ಹಾಕಿದ ಮನೆಗಳಲ್ಲಿ ಕೆಲವನ್ನು ಸರ್ಕಾರವೇ ಬಾಡಿಗೆಗೆ ಹಿಡಿದು, ಬಾಡಿಗೆಗೂ ಹೇಳಿದ ದಿನ ಬಿಟ್ಟುಕೊಡುವುದಕ್ಕೂ ತಾನೇ ಜಾಮೀನು ನಿಂತು, ಇಂಥ ಹುಡುಗ ಹುಡುಗಿಯರನ್ನು ಮೂರು ವರ್ಷ ಅಲ್ಲಿರಿಸಿದರೆ ಆಗದೇ? ಮಾಲೀಕನ ಭಯಕ್ಕೂ ಅದರಲ್ಲಿ ಉತ್ತರವಿದೆ. ಕರಾರಿನ ಮೇಲೆ ಸರ್ಕಾರದ ಮೊಹರೇ ಇದ್ದಾಗ, ‘ಹುಡುಗ ಯಾರ ಕಡೆಯವನು?’ ಎಂದು ಕೇಳುವ ಪ್ರಸಂಗವೂ ಬರುವುದಿಲ್ಲ.